ಊರಿಗೆ ಕೈಗಾರಿಕೆ ಬಂದರೆ ರಸ್ತೆಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಡುಬಿದ್ರಿ ಜಂಕ್ಷನ್ನಿನಲ್ಲಿ, ಬೈಕಂಪಾಡಿಯಲ್ಲಿ, ನಂದಿಕೂರಿನ ದಾರಿಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ವಾಹನ ಎಣಿಸುವುದು ನನ್ನ ಕಸುಬು. ಹಾಗೆ ನಿಂತವನನ್ನು ಮಾತಾಡಿಸದೆ ಹೋಗುವವರು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಕಡಿಮೆ. ‘ಎಂತ ಸರ್ವೆ? ರಸ್ತೆ ಅಗಲ ಆಗ್ತದಾ? ನಮ್ಮ ಕಂಪೌಂಡು ಹೋಗ್ತದಾ?’ ಎಂಬಲ್ಲಿಂದ ಮಾತು ಶುರು. ಗ್ರಾಮಸಭೆಯಲ್ಲಿ, ಪತ್ರಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗೆ ತೆಗೆದುಕೊಂಡ ಕಾರ್ಖಾನೆ ನಿಜವಾದದ್ದಲ್ಲ, ಲೆಕ್ಕ ತೋರಿಸಲು ನಾನೇ ಕಟ್ಟಿಕೊಂಡದ್ದು.

## ಮೊದಲಿಗೆ

ಹೊಗೆ, ನೀರಿನ ವಿಷಯ ಸರಿ. ರಸ್ತೆ ಲೆಕ್ಕ ಎಂತಕ್ಕೆ ಮಾರಾಯ್ರೆ?

ನಮ್ಮ ಕರಾವಳಿಯ ನಕ್ಷೆ ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಉತ್ತರ-ದಕ್ಷಿಣವಾಗಿ ರಾಷ್ಟ್ರೀಯ ಹೆದ್ದಾರಿ 66. ಒಳಗಿನ ಊರುಗಳ ರಸ್ತೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ಅದಕ್ಕೇ ಸೇರುತ್ತವೆ. ಬಯಲುಸೀಮೆಯ ಹಾಗೆ ಇಲ್ಲಿ ಊರು ಒಂದೆಡೆ ಒತ್ತಾಗಿ ಕೂತಿಲ್ಲ. ರಸ್ತೆಯುದ್ದಕ್ಕೂ ಮನೆ, ತೋಟ, ಮುರಕಲ್ಲಿನ ಕಂಪೌಂಡು. ಪ್ರತಿ ಓಣಿಯ ಬಾಯಲ್ಲಿ ಬೆಳಿಗ್ಗೆ ಎಂಟಕ್ಕೆ ಶಾಲೆ ಬಸ್ಸಿಗೆ ಕಾಯುವ ಎರಡು ಮಕ್ಕಳು. ಹಾಗಾಗಿ ಕಾರ್ಖಾನೆ ಜಾಗದ ಗಡಿಯಿಂದ ಐದು ಕಿಲೋಮೀಟರ್ ದೂರದವರೂ ಅದರ ನೆರೆಯವರೇ ಆಗುತ್ತಾರೆ, ಲಾರಿ ಅವರ ಮನೆ ಮುಂದೆ ಹೋಗುವುದಾದರೆ.

ನಮ್ಮ ರಸ್ತೆ ಎಷ್ಟು ವಾಹನ ತಡೀತದೆ ಅಂತ ಹೇಗೆ ಗೊತ್ತಾಗುದು?

ಮೊದಲು ಟೇಪ್ ಹಿಡಿದು ಡಾಮರಿನ ಅಗಲ ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಪ್ರಕಟಿಸಿದ ಐಆರ್‌ಸಿ 64 ಎಂಬ ಮಾರ್ಗಸೂಚಿ ಊರ ಹೊರಗಿನ ರಸ್ತೆಗಳಿಗೆ ಮಿತಿ ಕೊಟ್ಟಿದೆ. ನೆಲ ಸಮತಟ್ಟಾಗಿದ್ದು ತಿರುವು ಕಡಿಮೆ ಇದ್ದರೆ 3.75 ಮೀಟರಿನ ಒಂಟಿ ಪಥಕ್ಕೆ ದಿನಕ್ಕೆ 2,000, 5.5 ಮೀಟರಿಗೆ 6,000, 7 ಮೀಟರಿನ ಎರಡು ಪಥಕ್ಕೆ 15,000. ಇವು ಪಿಸಿಯು ಲೆಕ್ಕ, ಅದೇನೆಂದು ಮುಂದೆ ಹೇಳುತ್ತೇನೆ. ಗುಡ್ಡ ಹತ್ತಿ ಬೈಲಿಗಿಳಿಯುವ ನಮ್ಮಂಥ ಏರಿಳಿತದ ನೆಲದಲ್ಲಿ ಎರಡು ಪಥದ ಮಿತಿ 11,000ಕ್ಕೆ ಕುಸಿಯುತ್ತದೆ.

ಟೇಪ್ ಯಾಕೆಂದರೆ, ಕಡತದಲ್ಲಿ 5.5 ಮೀಟರ್ ಎಂದಿದ್ದ ಒಂದು ರಸ್ತೆಯನ್ನು ನಾನು ಹತ್ತು ಕಡೆ ಅಳೆದಿದ್ದೇನೆ. ಎರಡೇ ಕಡೆ 5.5 ಸಿಕ್ಕಿತು. ಉಳಿದ ಕಡೆ ಅಂಚು ತಿಂದುಹೋಗಿ 5, ಒಂದು ಮೋರಿಯ ಹತ್ತಿರ 4.6. ಮಿತಿಯ ಅಂಕಿಗಳೆಲ್ಲ ಅಂಚಿನ ಮಣ್ಣಿಗೂ ಚಕ್ರ ಇಳಿಸಬಹುದು ಎಂಬ ನಂಬಿಕೆಯ ಮೇಲೆ ನಿಂತಿವೆ. ಜುಲೈ ತಿಂಗಳಲ್ಲಿ ಆ ಕೆಂಪು ಕೆಸರಿಗೆ ತುಂಬಿದ ಲಾರಿ ಇಳಿಸಿದ ಡ್ರೈವರನ್ನು ಕೇಳಿ ನೋಡಿ.

ಈ ಪಿಸಿಯು ಅಂದ್ರೆ ಎಂತ?

ಪ್ಯಾಸೆಂಜರ್ ಕಾರ್ ಯೂನಿಟ್, ಬೇರೆ ಬೇರೆ ವಾಹನಗಳನ್ನು ಒಂದೇ ಅಳತೆಗೆ ತರುವ ಉಪಾಯ. ಕಾರನ್ನು 1 ಎಂದಿಟ್ಟುಕೊಂಡು ಉಳಿದವು ಅದರ ಎಷ್ಟು ಪಾಲು ಜಾಗ ತಿನ್ನುತ್ತವೆ ಎಂದು ನೋಡುವುದು. ಹಳ್ಳಿ ಕಡೆಯ ರಸ್ತೆಗೆ ಐಆರ್‌ಸಿ 64ರ ಪ್ರಕಾರ ಬೈಕು, ಸ್ಕೂಟರು 0.5, ರಿಕ್ಷಾ, ಪಿಕಪ್ 1, ಲಘು ಸರಕು ವಾಹನ 1.5, ಲಾರಿ ಅಥವಾ ಬಸ್ಸು 3, ಟ್ರೇಲರ್ 4.5. ಪೇಟೆಯೊಳಗೆ ಐಆರ್‌ಸಿ 106 ಅನ್ವಯ, ಅದರಲ್ಲಿ ಲಾರಿಯ ಅಂಕಿ 2.2ರಿಂದ 3.7ರವರೆಗೆ. ಲಾರಿಗಳ ಪಾಲು ಹೆಚ್ಚಿದಷ್ಟೂ ಅಂಕಿ ಮೇಲಕ್ಕೆ. ಕಾರ್ಖಾನೆಯವರ ಸಂಚಾರ ವರದಿಯಲ್ಲಿ ಯಾವ ಕೋಷ್ಟಕ ಬಳಸಿದ್ದಾರೆ ಎಂದು ನೋಡಿಕೊಳ್ಳಿ. ಟೈಮಿಂಗ್ ಹಿಡಿಯಲು ಓಡುವ ನಮ್ಮ ಸರ್ವಿಸ್ ಬಸ್ಸಿಗೆ ಮಾತ್ರ ಯಾವ ಕೋಷ್ಟಕದಲ್ಲೂ ಪ್ರತ್ಯೇಕ ಸಾಲಿಲ್ಲ.

ಇಂಥ ಅಧ್ಯಯನ ಮಾಡಿಸಲೇಬೇಕು ಅಂತ ಕಾನೂನು ಉಂಟಾ?

ಸಂಚಾರ ಅಧ್ಯಯನಕ್ಕೆಂದೇ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ದೊಡ್ಡ ಯೋಜನೆಗಳಿಗೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪೂರ್ವಾನುಮತಿ ಬೇಕು. ಆ ವರದಿಯೊಳಗೆ ಸಂಚಾರದ್ದು ಒಂದು ಅಧ್ಯಾಯ, ಎಷ್ಟೋ ಸಲ ಎರಡೇ ಪುಟ. ಗೋದಾಮು, ಗೇರುಬೀಜ ಕಾರ್ಖಾನೆ, ರೆಡಿಮಿಕ್ಸ್ ಕಾಂಕ್ರೀಟ್ ಘಟಕದಂಥವು ಸಾಮಾನ್ಯವಾಗಿ ಆ ಪಟ್ಟಿಗೇ ಬರುವುದಿಲ್ಲ. ಲಾರಿ ಓಡಾಟದಲ್ಲಿ ಇವು ಯಾರಿಗೂ ಕಡಿಮೆ ಇಲ್ಲ. ಇಂಥ ಕಡೆ ಉಳಿಯುವ ದಾರಿ ಗ್ರಾಮ ಪಂಚಾಯತಿಯ ಪರವಾನಗಿ, ಭೂ ಪರಿವರ್ತನೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ರಸ್ತೆ ಯಾರದ್ದೋ ಅವರ ಒಪ್ಪಿಗೆ. ಈ ಹಂತಗಳಲ್ಲಿ ‘ಲಾರಿ ಎಷ್ಟು, ಯಾವ ದಾರಿ’ ಎಂದು ಬರಹದಲ್ಲಿ ಕೇಳುವುದಕ್ಕೆ ಪಂಚಾಯತಿಗೆ ಯಾರ ಅಡ್ಡಿಯೂ ಇಲ್ಲ. ಕೇಳುವವರು ಕಡಿಮೆ, ಅಷ್ಟೆ.

## ಎಣಿಕೆ

ನಾವೇ ಕೂತು ವಾಹನ ಎಣಿಸಿದ್ರೆ ಯಾರಾದ್ರೂ ಒಪ್ತಾರಾ?

ಸರಿಯಾಗಿ ಎಣಿಸಿದರೆ ತಳ್ಳಿಹಾಕುವುದು ಕಷ್ಟ. ಕಲಿಯುವುದಕ್ಕೆ ಅರ್ಧ ದಿನ ಸಾಕು. ಒಂದು ಹಾಳೆಗೆ ಹದಿನೈದು ನಿಮಿಷ. ಮೇಲೆ ಸ್ಥಳ, ದಿಕ್ಕು, ದಿನಾಂಕ, ಹವೆ. ಕೆಳಗೆ ಬೈಕು, ಕಾರು, ರಿಕ್ಷಾ, ಪಿಕಪ್, ಬಸ್ಸು, ಎರಡು ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಡ್ಡ ಅಚ್ಚು) ಲಾರಿ, ಮೂರು ಮತ್ತು ಹೆಚ್ಚು ಆಕ್ಸಲ್, ಸೈಕಲ್, ನಡೆಯುವವರು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಎಳೆಯುವುದು. ಒಬ್ಬರು ಒಂದೇ ದಿಕ್ಕು ನೋಡಬೇಕು. ಎರಡೂ ದಿಕ್ಕು ನಾನೇ ನೋಡುತ್ತೇನೆ ಎಂದು ಹೊರಟವನ ಹಾಳೆ ಒಂಬತ್ತು ಗಂಟೆಗೆ ಕೈಕೊಡುತ್ತದೆ.

ಪಡುಬಿದ್ರಿಯಲ್ಲಿ ಕಾರ್ಕಳ ಕಡೆಯ ರಾಜ್ಯ ಹೆದ್ದಾರಿ ಬಂದು 66ಕ್ಕೆ ಸೇರುವಲ್ಲಿ ಒಂದು ಬೆಳಿಗ್ಗೆ ನಿಂತಿದ್ದೆ. ಎಂಟೂವರೆಗೆ ಬಲಕ್ಕೆ ತಿರುಗಲು ಕಾದ ಒಂದು ಲಾರಿ, ಅದರ ಹಿಂದೆ ಶಾಲೆ ವ್ಯಾನು, ಆಮೇಲೆ ಎರಡು ರಿಕ್ಷಾ, ಅದರ ಹಿಂದೆ ಹಾರನ್ನಿನ ಮೇಲಿಂದ ಕೈ ತೆಗೆಯದ ಬಸ್ಸು. ಬೈಕುಗಳು ಎಡದ ಮಣ್ಣಿನಲ್ಲಿ ನುಸುಳಿ ಲಾರಿಯ ಮೂತಿಯ ಮುಂದೆ ಹೊರಬಂದವು. ಗೆರೆ ಎಳೆದ ಲೆಕ್ಕದಲ್ಲಿ ಅದು ಬರೀ ಹದಿನಾಲ್ಕು ವಾಹನ. ಆದ್ದರಿಂದ ಹಾಳೆಯ ಅಂಚಿನಲ್ಲಿ ‘ಲಾರಿ ಕಾದದ್ದು ಇಷ್ಟು ಸೆಕೆಂಡು, ಹಿಂದೆ ಸಾಲು ಇಷ್ಟು ವಾಹನ’ ಎಂದೂ ಬರೆಯಿರಿ. ಮೊಬೈಲಿನಲ್ಲಿ ವಿಡಿಯೋ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಪೆನ್ಸಿಲ್ ಒಯ್ಯಿರಿ, ತೇವ ಹಿಡಿದ ಕಾಗದದ ಮೇಲೆ ಬಾಲ್ ಪೆನ್ನು ಮೂಡುವುದಿಲ್ಲ.

ಯಾವ ದಿನ, ಯಾವ ತಿಂಗಳು ಎಣಿಸ್ಬೇಕು?

ಊರ ಹೊರಗಿನ ರಸ್ತೆಗಳ ಗಣತಿಗೆ ಐಆರ್‌ಸಿ 9 ಹೇಳುವುದು ವರ್ಷಕ್ಕೆ ಎರಡು ಸಲ, ಪ್ರತಿ ಸಲ ಏಳು ದಿನ ಸತತವಾಗಿ, ಹಗಲು ರಾತ್ರಿ. ಒಂದು ಸಲ ಫಸಲು-ಮಾರಾಟದ ಬಿರುಸಿನಲ್ಲಿ, ಇನ್ನೊಂದು ಸಲ ಓಡಾಟ ತಣ್ಣಗಿರುವಾಗ. ಖಾಸಗಿ ವರದಿಗಳಲ್ಲಿ ಇಷ್ಟು ತಾಳ್ಮೆ ಕಾಣುವುದು ಅಪರೂಪ. ಒಂದೋ ಎರಡೋ ದಿನದ ಎಣಿಕೆಯೇ ಹೆಚ್ಚು.

ನಮ್ಮ ಕಡೆಯ ಪಂಚಾಂಗ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆಯಿಂದ, ಮಂಗಳೂರು ಬಂದರಿನ ಧಕ್ಕೆಯಿಂದ ಹೊರಡುವ ಮೀನಿನ ಲಾರಿಗಳು ರಸ್ತೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ ಶಾಲೆ ಬಸ್ಸಿಲ್ಲ, ಬದಲಿಗೆ ಮದುವೆ, ನೇಮ, ಬ್ರಹ್ಮಕಲಶದ ಕಾರುಗಳು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಆಸುಪಾಸಿನ ಉಡುಪಿಯನ್ನು ಮಾಮೂಲಿ ಉಡುಪಿ ಎನ್ನಲಾಗದು. ನನ್ನ ಮಟ್ಟಿಗೆ ನವೆಂಬರ್ ಅಥವಾ ಫೆಬ್ರವರಿಯ ಮಂಗಳ, ಬುಧ, ಗುರುವಾರಗಳು ಎಣಿಕೆಗೆ ಹದವಾದವು. ಜೊತೆಗೆ ಆ ಊರಿನ ಸಂತೆಯ ದಿನ ಒಂದು.

ನಾನು ಓದಿದ ಒಂದು ವರದಿಯಲ್ಲಿ ಎಣಿಕೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಹುಡುಕಿದರೆ ಸಿಕ್ಕಿದ್ದು ಭಾನುವಾರ. ಕೇಳಿದ್ದಕ್ಕೆ ‘ಮುದ್ರಣ ದೋಷ’ ಎಂದರು.

ಇನ್ನೊಂದು ವಿಷಯ. ಪರಿಸರ ವರದಿಗೆ ಮೂಲ ಮಾಹಿತಿಯನ್ನು ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನಲ್ಲಿ ಸಂಗ್ರಹಿಸುವುದು ನಿಯಮ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಗಳಲ್ಲಿ ಇದರ ಅರ್ಥ ನಾಲ್ಕು ತಿಂಗಳ ರಸ್ತೆಯನ್ನು ಯಾರೂ ನೋಡಲೇ ಇಲ್ಲ ಎಂದು. ನೀವು ಜುಲೈಯಲ್ಲಿ ಒಂದು ದಿನ ಎಣಿಸಿ, ಹೊಂಡ ತಪ್ಪಿಸಲು ವಾಹನಗಳು ಎದುರು ಪಥಕ್ಕೆ ಹೋಗುವ ಜಾಗಗಳ ಫೋಟೋ ತೆಗೆದರೆ ವರದಿಯಲ್ಲಿ ಇಲ್ಲದ್ದು ನಿಮ್ಮ ಕೈಯಲ್ಲಿ ಇರುತ್ತದೆ.

## ಲೆಕ್ಕ

ಎಷ್ಟು ಲಾರಿ ಅಂತ ಕಂಪನಿಯವರು ಬಾಯಿ ಬಿಡುದಿಲ್ಲ. ನಾವು ಹೇಗೆ ಲೆಕ್ಕ ಹಾಕುದು?

ಲಾರಿ ಲೆಕ್ಕ ಹೇಳದವರೂ ಟನ್ ಲೆಕ್ಕ ಹೇಳಿರುತ್ತಾರೆ, ಅನುಮತಿ ಅರ್ಜಿಯಲ್ಲಿ ಉತ್ಪಾದನೆ ಬರೆಯದೆ ಗತಿಯಿಲ್ಲ. ದಿನಕ್ಕೆ 600 ಟನ್ ಕಚ್ಚಾ ಸರಕು ಒಳಗೆ, 500 ಟನ್ ಮಾಲು ಹೊರಗೆ ಎಂದಿಟ್ಟುಕೊಳ್ಳಿ. ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 2018ರ ಪರಿಷ್ಕರಣೆಯ ನಂತರ 28.5 ಟನ್. ಅದರಲ್ಲಿ ಸರಕು ಸುಮಾರು 18 ಟನ್. 600ಕ್ಕೆ 34 ಲಾರಿ, 500ಕ್ಕೆ 28. ಬಂದ ಲಾರಿ ಹೋಗಲೇಬೇಕು, ಆದ್ದರಿಂದ ಎರಡರಿಂದ ಗುಣಿಸಿ. 124 ಓಡಾಟ. ಲಾರಿಗೆ 3ರಂತೆ 372 ಪಿಸಿಯು. ತಂದ ಲಾರಿಯಲ್ಲೇ ಮಾಲು ತುಂಬಿಸಿ ಕಳಿಸುತ್ತೇವೆ ಎಂದು ಅವರು ಹೇಳಬಹುದು. ಸರಕು ಒಂದೇ ಜಾತಿಯದಾದರೆ ಸರಿ. ಕಲ್ಲಿದ್ದಲು ತಂದ ಲಾರಿಯಲ್ಲಿ ಆಹಾರ ಪದಾರ್ಥ ಹೋಗುವುದಿಲ್ಲ.

ಇನ್ನು ಜನ. 450 ಮಂದಿ ಕೆಲಸಕ್ಕೆ, ಮೂರು ಪಾಳಿಗೆ 120ರಂತೆ, 90 ಮಂದಿ ಜನರಲ್ ಶಿಫ್ಟು. ನೂರರಲ್ಲಿ 60 ಮಂದಿ ಬೈಕಿನಲ್ಲಿ, 10 ಮಂದಿ ಕಾರಿನಲ್ಲಿ, 30 ಮಂದಿ ಬಸ್ಸಿನಲ್ಲಿ ಎಂದಾದರೆ ಹೋಗಿ ಬರುವ ಓಡಾಟ ದಿನಕ್ಕೆ ಸುಮಾರು 378 ಪಿಸಿಯು. ಲಾರಿಯಷ್ಟೇ ಆಯಿತು ನೋಡಿ. ಒಟ್ಟು 750.

ವರದಿಯಲ್ಲಿ ‘ಹೆಚ್ಚಳ ಬರೀ ಶೇ 6’ ಅಂತ ಬರ್ದಿದ್ದಾರೆ. ಅಷ್ಟೇನಾ?

ಮೇಲಿನ 372ನ್ನು 5.5 ಮೀಟರ್ ರಸ್ತೆಯ 6,000ಕ್ಕೆ ಭಾಗಿಸಿದರೆ ಶೇ 6 ಸಿಗುತ್ತದೆ. ಜನರನ್ನು ಬಿಟ್ಟ ಲೆಕ್ಕ ಅದು. ಸೇರಿಸಿದರೆ ಶೇ 12.5. ಆದರೂ ನನ್ನ ತಕರಾರು ಅಂಕಿಯ ಮೇಲಲ್ಲ, ‘ದಿನಕ್ಕೆ’ ಎಂಬ ಮಾತಿನ ಮೇಲೆ. ರಸ್ತೆ ಕಟ್ಟಿಕೊಳ್ಳುವುದು ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ 120 ಮಂದಿ ಹೊರಗೆ, 120 ಮಂದಿ ಒಳಗೆ. 144 ಬೈಕು, 24 ಕಾರು, ಎರಡು ಬಸ್ಸು. 102 ಪಿಸಿಯು ಅರ್ಧ ಗಂಟೆಯೊಳಗೆ. ಇಡೀ ದಿನದ ಹೆಚ್ಚಳದಲ್ಲಿ ಏಳರಲ್ಲೊಂದು ಪಾಲು ಆ ಮೂವತ್ತು ನಿಮಿಷದಲ್ಲೇ ಬಂತು. ಪಾಳಿ ಒಂಬತ್ತಕ್ಕಿದ್ದು ಶಾಲೆ, ಬ್ಯಾಂಕು, ಮಣಿಪಾಲದ ಆಸ್ಪತ್ರೆಗೆ ಹೊರಟವರ ನಡುವೆ ಬಿದ್ದರೆ ಏನಾಗುತ್ತದೆಂದು ಊಹಿಸಿ. ಪಾಳಿಯ ಸಮಯವನ್ನು ಅರ್ಧ ಗಂಟೆ ಆಚೀಚೆ ಮಾಡಿಸಿದರೆ ಆಗುವ ಉಪಕಾರ ಎಷ್ಟೋ ಸಲ ರಸ್ತೆ ಅಗಲ ಮಾಡಿದರೂ ಆಗದು. ಅದಕ್ಕೆ ದುಡ್ಡೂ ಬೇಡ.

ರಸ್ತೆ ಸಾಧಾರಣ ಉಂಟು, ನಮ್ಮಲ್ಲಿ ಜಂಕ್ಷನೇ ತೊಂದರೆ. ಸ್ವಲ್ಪ ವಾಹನ ಹೆಚ್ಚಾದ್ರೂ ಇಷ್ಟು ಬ್ಲಾಕ್ ಯಾಕೆ?

ಸಾಲಿನ ಗಣಿತ ಹಾಗಿದೆ. ಜಂಕ್ಷನ್ ತನ್ನ ಶಕ್ತಿಯ ಶೇ 80ರಷ್ಟು ದುಡಿಯುವಾಗ ಕಾಯುವಿಕೆ 4 ಎಂದಿಟ್ಟುಕೊಂಡರೆ, ಸರಳ ಸರದಿ ಸೂತ್ರದ ಪ್ರಕಾರ ಶೇ 90ಕ್ಕೆ ಅದು 9, ಶೇ 95ಕ್ಕೆ 19. ಖಾಲಿ ಇದ್ದ ಕಡೆ ನೂರು ವಾಹನ ಸೇರಿದರೆ ಯಾರಿಗೂ ಗೊತ್ತಾಗದು. ಮಂಗಳೂರಿನ ನಂತೂರು ಜಂಕ್ಷನ್ನಿನಂಥ ಕಡೆ ಅಷ್ಟೇ ನೂರು ಸೇರಿದರೆ ಸಾಲು ಎಲ್ಲಿಯೋ ಹೋಗಿ ಮುಟ್ಟುತ್ತದೆ. ಕಾರ್ಖಾನೆಯ ಗೇಟಿನ ಮುಂದಿನ ರಸ್ತೆಯನ್ನು ಮಾತ್ರ ಅಳೆದು, ನಾಲ್ಕು ಕಿಲೋಮೀಟರ್ ಆಚೆಯ ಜಂಕ್ಷನ್ ಬಿಟ್ಟ ವರದಿ ನನ್ನ ಕಣ್ಣಿಗೆ ಅರ್ಧ ವರದಿ. ಲಾರಿ ಹೆದ್ದಾರಿ ಸೇರುವವರೆಗಿನ ಪ್ರತಿ ಕೂಡುರಸ್ತೆಯೂ ಅದರಲ್ಲಿ ಇರಬೇಕು.

ಗೇಟಿನ ಹೊರಗೆ ಲಾರಿ ಸಾಲು ನಿಲ್ತದಲ್ಲ, ಅದಕ್ಕೂ ಲೆಕ್ಕ ಉಂಟಾ?

ಉಂಟು, ಎಲ್ಲಕ್ಕಿಂತ ಸುಲಭದ ಲೆಕ್ಕ. 34 ಲಾರಿಗಳು ಬೆಳಿಗ್ಗೆ ನಾಲ್ಕು ಗಂಟೆಯೊಳಗೆ ಬಂದವು. ಲಾರಿ ತೂಗುವ ವೇ ಬ್ರಿಡ್ಜ್ ಒಂದೇ, ತೂಕ ಮತ್ತು ಕಾಗದ ಸೇರಿ ಲಾರಿಗೆ 12 ನಿಮಿಷ. ಗಂಟೆಗೆ ಐದು ಒಳಹೋದರೆ ನಾಲ್ಕು ಗಂಟೆಗೆ ಇಪ್ಪತ್ತು. ಉಳಿದ 14 ಲಾರಿ ಎಲ್ಲಿ? ಒಂದಕ್ಕೆ 12 ಮೀಟರಿನಂತೆ 168 ಮೀಟರ್ ಸಾಲು ರಸ್ತೆ ಬದಿಯಲ್ಲಿ. ಆದ್ದರಿಂದ ಸಭೆಯಲ್ಲಿ ‘ಪಾರ್ಕಿಂಗ್ ಇದೆಯಾ’ ಎಂದು ಕೇಳಬೇಡಿ, ಎಲ್ಲರೂ ಇದೆ ಎನ್ನುತ್ತಾರೆ. ಗೇಟಿನಿಂದ ವೇ ಬ್ರಿಡ್ಜಿಗೆ ಎಷ್ಟು ಮೀಟರ್, ವೇ ಬ್ರಿಡ್ಜ್ ಎಷ್ಟು ಎಂದು ಕೇಳಿ.

ಕಟ್ಟುವಾಗ ಬರುವ ಟಿಪ್ಪರ್ ಲೆಕ್ಕ ಯಾರೂ ಹೇಳುದಿಲ್ಲ ಯಾಕೆ?

‘ತಾತ್ಕಾಲಿಕ’ ಎಂಬ ಒಂದು ಶಬ್ದ ಬರೆದು ಮುಂದಿನ ಪುಟಕ್ಕೆ ಹೋಗುವುದು ರೂಢಿ. ಐದು ಎಕರೆ ಬೈಲು ಗದ್ದೆಯನ್ನು ಒಂದೂವರೆ ಮೀಟರ್ ಎತ್ತರಿಸಲು ಸುಮಾರು 30,000 ಘನ ಮೀಟರ್ ಮಣ್ಣು ಬೇಕು. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಸೇರಿಸಿದರೆ 38,000. ಟಿಪ್ಪರಿಗೆ ಹತ್ತು ಘನ ಮೀಟರಿನಂತೆ 3,800 ಲೋಡು. ಎರಡು ತಿಂಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ 63 ಲೋಡು, ಹೋಗಿ ಬಂದು 126 ಓಡಾಟ. ಹಗಲು ಹತ್ತು ಗಂಟೆಯಲ್ಲಿ ಸುಮಾರು ಐದು ನಿಮಿಷಕ್ಕೊಂದು ಟಿಪ್ಪರ್ ನಿಮ್ಮ ಅಂಗಳದ ಮುಂದೆ. ಕಾರ್ಖಾನೆ ನಡೆಯತೊಡಗಿದ ಮೇಲಿನ ಲಾರಿಗಳಿಗೆ ಇದು ಸರಿಸಮ. ಟರ್ಪಾಲು ಮುಚ್ಚದಿದ್ದರೆ ಬೇಸಗೆಯಲ್ಲಿ ಒಣಹಾಕಿದ ಬಟ್ಟೆಯೆಲ್ಲ ಕೆಂಪು, ಚಕ್ರ ತೊಳೆಯದಿದ್ದರೆ ಮೊದಲ ಮಳೆಗೆ ಬೈಕಿನವರು ರಸ್ತೆಯಲ್ಲೇ ಜಾರುತ್ತಾರೆ. ಮಣ್ಣು ಯಾವ ಗುಡ್ಡದಿಂದ, ಯಾವ ದಾರಿಯಾಗಿ ಬರುತ್ತದೆ ಎಂಬುದನ್ನು ಅನುಮತಿಗೆ ಮೊದಲೇ ಬರೆಸಿಕೊಳ್ಳಬೇಕು.

ಹೈವೇ ಬದಿಗೇ ಗೇಟು ಇಟ್ಟರೆ ಊರೊಳಗೆ ಲಾರಿ ಬರುದಿಲ್ಲ. ಒಳ್ಳೇದಲ್ವಾ?

ಊರೊಳಗಿನವರಿಗೆ ಒಳ್ಳೆಯದು. ಹೆದ್ದಾರಿಗೆ ಬೇರೆ ಫಜೀತಿ. ಗೇಟು ಪೂರ್ವಕ್ಕಿದೆ, ಲಾರಿ ಮಂಗಳೂರು ಕಡೆಯಿಂದ ಉತ್ತರಕ್ಕೆ ಬರುತ್ತಿದೆ ಎಂದಾದರೆ, ಡಿವೈಡರ್ ಇರುವುದರಿಂದ ಮುಂದಿನ ತೆರಪಿನವರೆಗೆ ಹೋಗಿ ತಿರುಗಿ ಬರಬೇಕು. ಉದ್ದ ಲಾರಿ ಅಲ್ಲಿ ತಿರುಗುವಾಗ ಎರಡೂ ಪಥ ನುಂಗುತ್ತದೆ. ಘಂಟೆಗೆ 80 ಕಿಲೋಮೀಟರ್ ವೇಗದ ಕಾರು ನಿಲ್ಲಲು ಐಆರ್‌ಸಿ ಪ್ರಕಾರ 120 ಮೀಟರ್ ಕಣ್ಣಳತೆ ಬೇಕು. ತುಂಬಿದ ಲಾರಿ ದಾಟಲು ಎಂಟು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಆ ಕಾರು 178 ಮೀಟರ್ ಬಂದಿರುತ್ತದೆ. ಕೆಲಸಗಾರರ ಬೈಕುಗಳ ಕಥೆ ಇನ್ನೊಂದು. ಒಂದೂವರೆ ಕಿಲೋಮೀಟರ್ ಸುತ್ತಲು ಯಾರಿಗೂ ಮನಸ್ಸಿಲ್ಲ, ರಾಂಗ್ ಸೈಡಿನಲ್ಲಿ ಬರುತ್ತಾರೆ. ಬೈದು ಪ್ರಯೋಜನವಿಲ್ಲ, ಅದನ್ನು ಮೊದಲೇ ಎಣಿಸಿ ಸರ್ವಿಸ್ ರೋಡ್ ಕೇಳಬೇಕು. ರಾಷ್ಟ್ರೀಯ ಹೆದ್ದಾರಿಗೆ ಗೇಟು ತೆರೆಯಲು 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅನುಮತಿ ಪಡೆಯಲೇಬೇಕು. ವೇಗ ತಗ್ಗಿಸುವ, ಹೆಚ್ಚಿಸುವ ಪಕ್ಕದ ಪಥಗಳ ನಕ್ಷೆ ಆ ಅರ್ಜಿಯ ಜೊತೆಗಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು.

## ಕಾಗದ, ಸಭೆ

ಆಲಿಕೆ ಸಭೆಯಲ್ಲಿ ಎಂತ ಮಾತಾಡ್ಬೇಕು? ಹೋದ ಸಲ ಎಲ್ಲರೂ ಕಿರುಚಿ ಬಂದದ್ದೇ ಆಯ್ತು.

ಪರಿಸರ ಅನುಮತಿಗೆ ಮೊದಲು ಜನರ ಅಹವಾಲು ಕೇಳುವ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ವರದಿಯ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ ಮುಂತಾದ ಕಡೆ ಸಿಗಬೇಕು. ಆ 30 ದಿನವೇ ನಿಮ್ಮ ಎಣಿಕೆಯ ಸಮಯ. ಸಭೆ ನಡೆಸುವುದು ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಿಲ್ಲದವರು. ವಿಡಿಯೋ ಆಗುತ್ತದೆ. ಕೋರಂ ಇಲ್ಲ, ಹಾಗಾಗಿ ಬಹಿಷ್ಕಾರ ಹಾಕಿದರೂ ಸಭೆ ನಡೆದಂತೆಯೇ. ಕೊನೆಯಲ್ಲಿ ನಡಾವಳಿಯನ್ನು ಓದಿ ಹೇಳುವುದು ನಿಯಮ. ಅದಕ್ಕೆ ಮೊದಲೇ ಊಟಕ್ಕೆ ಏಳಬೇಡಿ, ನಿಮ್ಮ ಮಾತು ದಾಖಲಾಯಿತೋ ಇಲ್ಲವೋ ತಿಳಿಯುವ ಹೊತ್ತು ಅದೇ.

‘ರಸ್ತೆ ಹಾಳಾಗ್ತದೆ’ ಎಂದರೆ ‘ಕ್ರಮ ವಹಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ‘ನಿಮ್ಮ ವರದಿಯ ಇಂಥ ಪುಟದಲ್ಲಿ ರಸ್ತೆ 5.5 ಮೀಟರ್ ಎಂದಿದೆ, ಶಾಲೆಯ ಮುಂದೆ 4.6 ಇದೆ, ಇಗೋ ಫೋಟೋ, ಶಾಲೆ ಬಿಡುವ ಹೊತ್ತಿಗೆ ಲಾರಿ ನಿಲ್ಲಿಸುತ್ತೀರಾ?’ ಎಂದರೆ ಹಾಗೆ ಉತ್ತರಿಸುವುದು ಕಷ್ಟ. ಅದನ್ನೇ ಬರೆದು ಸಹಿ ಹಾಕಿ ಕೊಡಿ.

ಕೈಗಾರಿಕಾ ಪ್ರದೇಶದ ಒಳಗೆ ಬಂದ್ರೆ ಸಭೆಯೇ ಇಲ್ಲ ಅಂತಾರೆ, ಹೌದಾ?

ಆ ಪ್ರದೇಶಕ್ಕೇ ಪರಿಸರ ಅನುಮತಿ ಸಿಕ್ಕಿದ್ದರೆ ಒಳಗಿನ ಒಂದೊಂದು ಘಟಕಕ್ಕೂ ಮತ್ತೆ ಆಲಿಕೆ ಬೇಡವೆಂಬ ವಿನಾಯಿತಿ ಅಧಿಸೂಚನೆಯಲ್ಲಿದೆ. ಹಾಗಾಗಿ ಇಡೀ ಪ್ರದೇಶದ ಆಲಿಕೆ ನಡೆಯುವಾಗಲೇ, ಎಲ್ಲ ಪ್ಲಾಟೂ ತುಂಬಿದ ಮೇಲೆ ಎಷ್ಟು ಲಾರಿ ಎಂದು ಕೇಳಬೇಕು. ಆಗ ಖಾಲಿ ಗುಡ್ಡ ಕಂಡು ಸುಮ್ಮನಿದ್ದರೆ ಆಮೇಲೆ ಕೇಳುವ ಸಭೆ ಇರುವುದಿಲ್ಲ.

ಶರತ್ತು ಹಾಕಿದ್ರು. ಆಮೇಲೆ ನೋಡುವವರು ಯಾರು?

ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಶರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಶರತ್ತು ಅಳೆಯುವಂತಿದ್ದರೆ ಮಾತ್ರ ಇದರಿಂದ ಲಾಭ. ‘ಸಂಚಾರಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುವುದು’ ಎಂಬ ಶರತ್ತು ಮುರಿದದ್ದನ್ನು ಯಾರೂ ಸಾಬೀತು ಮಾಡಲಾರರು. ‘ಬೆಳಿಗ್ಗೆ 8ರಿಂದ 9.30, ಸಂಜೆ 3.30ರಿಂದ 4.30 ಭಾರೀ ವಾಹನ ಇಲ್ಲ’ ಎಂಬುದನ್ನು ಅಂಗಡಿಕಟ್ಟೆಯಲ್ಲಿ ಕೂತವನೂ ಸಾಬೀತು ಮಾಡುತ್ತಾನೆ. ಇದಲ್ಲದೆ ಮೋಟಾರು ವಾಹನ ಕಾಯ್ದೆಯ 115ನೇ ಕಲಂನಡಿ ಒಂದು ರಸ್ತೆಯಲ್ಲಿ ಭಾರೀ ವಾಹನ ನಿರ್ಬಂಧಿಸುವ ಅಧಿಕಾರ ಉಂಟು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಿಗೆ ಹೊರಡುವ ಜಿಲ್ಲಾಧಿಕಾರಿ ಆದೇಶಗಳಲ್ಲಿ ಇದೇ ಕಲಂ ಕಾಣುತ್ತದೆ.

## ಸ್ವಲ್ಪ ಆಳಕ್ಕೆ

ಒಂದು ಲಾರಿಯಿಂದ ರಸ್ತೆಗೆ ಎಷ್ಟು ಕಾರಿನಷ್ಟು ಹಾನಿ?

ಇಲ್ಲಿ ಪಿಸಿಯು ಕೆಲಸಕ್ಕೆ ಬಾರದು. ಜಾಗ ತಿನ್ನುವುದು ಬೇರೆ, ಡಾಮರು ತಿನ್ನುವುದು ಬೇರೆ. ಹಾನಿ ಹೆಚ್ಚುವುದು ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಲ್ಲಿ. ಹತ್ತು ಪಟ್ಟು ಭಾರದ ಆಕ್ಸಲ್ ಹತ್ತು ಸಾವಿರ ಪಟ್ಟು ಹಾನಿ ಮಾಡುತ್ತದೆ, ಮಿತಿಗಿಂತ ಶೇ 20 ಹೆಚ್ಚು ತುಂಬಿದರೆ ಹಾನಿ ಎರಡು ಪಟ್ಟು.

ರಸ್ತೆ ವಿನ್ಯಾಸದ ಪ್ರಮಾಣಿತ ಆಕ್ಸಲ್ 80 ಕಿಲೋನ್ಯೂಟನ್, ಅಂದರೆ 8.16 ಟನ್. ಮಿತಿಯೊಳಗೇ ತುಂಬಿದ ಮೂರು ಆಕ್ಸಲ್ ಲಾರಿ ಅಂಥ ಸುಮಾರು 5 ಆಕ್ಸಲಿಗೆ ಸಮ. ನಮ್ಮ ಉದಾಹರಣೆಯ 62 ತುಂಬಿದ ಲಾರಿ ದಿನಕ್ಕೆ 310, ವರ್ಷಕ್ಕೆ 300 ದಿನ ಓಡಿದರೆ 93,000. ಒಂದು ಗ್ರಾಮೀಣ ರಸ್ತೆಯನ್ನು ಹತ್ತು ವರ್ಷಕ್ಕೆಂದು ಮೂರು ಲಕ್ಷ ಆಕ್ಸಲಿಗೆ ವಿನ್ಯಾಸ ಮಾಡಿದ್ದರೆ ಅದರ ಆಯುಷ್ಯ ಮೂರು ವರ್ಷ ಚಿಲ್ಲರೆ. ಚರಂಡಿಯಿಲ್ಲದೆ ನೀರು ನಿಲ್ಲುವ ನಮ್ಮ ರಸ್ತೆಗಳಲ್ಲಿ ಅಷ್ಟೂ ಇಲ್ಲ. ಕಂಪನಿ ‘ಡಾಮರು ಹಾಕಿಸಿಕೊಡುತ್ತೇವೆ’ ಎಂದರೆ ಕುಣಿಯಬೇಡಿ. ಅಡಿಪಾಯದ ಜಲ್ಲಿ ಎಷ್ಟು ದಪ್ಪ, ಚರಂಡಿ ಯಾರದ್ದು ಎಂದು ಕೇಳಿ.

ದಾರಿಯಲ್ಲಿ ಹಳೇ ಸೇತುವೆ ಉಂಟು. ಅದನ್ನು ಯಾರು ನೋಡ್ಬೇಕು?

ರಸ್ತೆ ಯಾರದ್ದೋ ಸೇತುವೆಯೂ ಅವರದ್ದು. ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಬರೆದು ಭಾರದ ಮಿತಿ ಕೇಳಿ. 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ ಕುಸಿದಾಗ ಆಚೀಚೆಯ ಊರುಗಳು ಸುತ್ತು ಬಳಸಿ ಓಡಾಡಿದ್ದು ಬಂಟ್ವಾಳ ಕಡೆಯವರಿಗೆ ಚೆನ್ನಾಗಿ ನೆನಪಿದೆ. ಸೇತುವೆಯ ಮಾತೇ ಇಲ್ಲದ ಸಂಚಾರ ವರದಿಯನ್ನು ಹಿಂದಿರುಗಿಸಬೇಕು.

ಹೇಗೂ ವಾಹನ ಹೆಚ್ಚಾಗ್ತಾನೇ ಉಂಟು. ಎಲ್ಲದಕ್ಕೂ ಫ್ಯಾಕ್ಟರಿಯನ್ನೇ ದೂರುದು ಸರಿಯಾ?

ಸರಿಯಲ್ಲ, ಅದಕ್ಕೇ ಎರಡೂ ಲೆಕ್ಕ ಬೇರೆ ಬೇರೆ ಇಡಬೇಕು. ಬೇರೆ ಮಾಹಿತಿ ಇಲ್ಲದಿದ್ದರೆ ವರ್ಷಕ್ಕೆ ಶೇ 5ರ ಬೆಳವಣಿಗೆ ಹಿಡಿಯುವುದು ರಸ್ತೆ ವಿನ್ಯಾಸದ ವಾಡಿಕೆ. ಇಂದು 4,000 ಪಿಸಿಯು ಇರುವ 5.5 ಮೀಟರ್ ರಸ್ತೆ ಯಾವ ಕಾರ್ಖಾನೆಯೂ ಬರದೆ ಎಂಟು ವರ್ಷಕ್ಕೆ 6,000ದ ಗೆರೆ ಮುಟ್ಟುತ್ತದೆ. ನಮ್ಮ 750 ಸೇರಿದರೆ ಐದೂವರೆ ವರ್ಷಕ್ಕೆ. ಆ ಎರಡೂವರೆ ವರ್ಷದ ವ್ಯತ್ಯಾಸ ಕಾರ್ಖಾನೆಯ ಪಾಲು, ಉಳಿದದ್ದು ನಮ್ಮ ಮನೆಮನೆಯ ಸ್ಕೂಟರಿನದು. ರಸ್ತೆ ಅಗಲಕ್ಕೆ ಖರ್ಚು ಹಂಚುವ ಮಾತು ಬಂದಾಗ ಈ ಅಂಕಿ ಹಿಡಿದು ಕೂತರೆ ಎರಡೂ ಕಡೆಯವರಿಗೆ ಮಾತಾಡಲು ನೆಲ ಸಿಗುತ್ತದೆ.

ಪಕ್ಕದಲ್ಲೇ ಇನ್ನೂ ಎರಡು ಬರ್ತಾ ಉಂಟು. ಮೂರೂ ವರದಿಯಲ್ಲಿ ‘ಪರಿಣಾಮ ಅಲ್ಪ’ ಅಂತ ಉಂಟು!

ಮೂವರೂ ಇಂದಿನ ರಸ್ತೆಗೆ ತಮ್ಮ ಲಾರಿ ಮಾತ್ರ ಸೇರಿಸಿರುತ್ತಾರೆ. ಮೂರೂ ವರದಿಯ ಅಂಕಿ ಕೂಡಿಸಿ ಒಂದೇ ಹಾಳೆಯಲ್ಲಿ ಬರೆದು ಸಭೆಗೆ ತನ್ನಿ. ಪರಿಸರ ಅನುಮತಿ ಬೇಕಾದವುಗಳ ದಾಖಲೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತದೆ. ಉಳಿದವಕ್ಕೆ ಪಂಚಾಯತಿ ಕಚೇರಿಯ ಪರವಾನಗಿ ಪುಸ್ತಕ.

ಗ್ಯಾಸ್ ಟ್ಯಾಂಕರ್ ಬರುವ ಘಟಕವಾದ್ರೆ ಬೇರೆ ಲೆಕ್ಕವಾ?

ಹೌದು, ಇಲ್ಲಿ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. 2013ರ ಏಪ್ರಿಲಿನಲ್ಲಿ ಮಂಗಳೂರು-ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರ್ ಮಗುಚಿ ಉರಿದದ್ದನ್ನು ಆ ದಾರಿಯವರು ಮರೆತಿಲ್ಲ. ದಿನಕ್ಕೆ ಐದೇ ಬುಲೆಟ್ ಟ್ಯಾಂಕರ್ ಆದರೂ ದಾರಿಯ ಪ್ರತಿ ಕಡಿದಾದ ತಿರುವು, ಶಾಲೆ, ಪೆಟ್ರೋಲ್ ಪಂಪು, ಅಗ್ನಿಶಾಮಕ ಠಾಣೆಯಿಂದ ಇರುವ ದೂರ, ಇಷ್ಟೂ ನಕ್ಷೆಯಲ್ಲಿರಬೇಕು. ರಾತ್ರಿ ಡ್ರೈವರ್ ಎಲ್ಲಿ ಗಾಡಿ ನಿಲ್ಲಿಸಿ ಮಲಗುತ್ತಾನೆ ಎಂಬುದೂ.

ರೈಲಿನಲ್ಲಿ ತಂದ್ರೆ ಮುಗೀತಲ್ವಾ?

ದೂರದ, ಒಂದೇ ಬಗೆಯ, ರಾಶಿ ಸರಕಿಗೆ ಸರಿ. ಕೊಂಕಣ ರೈಲ್ವೆಯ ರೋ-ರೋದಲ್ಲಿ ಸುರತ್ಕಲ್‌ನಿಂದ ಲಾರಿಗಳೇ ರೈಲೇರಿ ಹೋಗುವುದನ್ನು ನೀವೂ ಕಂಡಿರಬಹುದು. ಆದರೆ ರೈಲಿನಿಂದ ಇಳಿದ ಮೇಲೆ ಕಾರ್ಖಾನೆಯ ಗೇಟಿನವರೆಗಿನ ಕೊನೆಯ ಎಂಟು-ಹತ್ತು ಕಿಲೋಮೀಟರ್ ಮತ್ತೆ ಲಾರಿಯೇ. ಕಾರ್ಖಾನೆಯೊಳಗೇ ಹಳಿ ಬಂದರೆ ಮಾತ್ರ ಊರಿನ ರಸ್ತೆಗೆ ಬಿಡುವು.

ಶಿರಾಡಿ ಬಂದ್ ಆದಾಗ ಈ ಲೆಕ್ಕ ಎಲ್ಲ ಎಂತಾಗ್ತದೆ?

ತಲೆಕೆಳಗಾಗುತ್ತದೆ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದಾಗ ಬೆಂಗಳೂರಿನ ವಾಹನಗಳು ಬೇರೆ ಘಟ್ಟಗಳನ್ನು ಹುಡುಕಿದವು. 2019ರಲ್ಲಿ ಚಾರ್ಮಾಡಿಗೂ ಅದೇ ಗತಿ. ಆಗುಂಬೆಗೆ ಉದ್ದ ಲಾರಿ ಹತ್ತದು. ಆದ್ದರಿಂದ ಘಟ್ಟದ ಮೇಲಿನಿಂದ ಸರಕು ತರುವ ಕಾರ್ಖಾನೆಗೆ ಎರಡು ಪ್ರಶ್ನೆ ಹಾಕಿ. ಬದಲಿ ದಾರಿ ಯಾವುದು, ಆ ದಾರಿಯ ಊರುಗಳಿಗೆ ಯಾರಾದರೂ ಹೇಳಿದ್ದಾರಾ? ಮತ್ತು ಒಂದು ವಾರ ನಿಂತುಹೋದ ಲಾರಿಗಳು ಘಟ್ಟ ತೆರೆದ ಮರುದಿನ ಒಟ್ಟಿಗೆ ಬಂದರೆ, ವೇ ಬ್ರಿಡ್ಜಿನ ಮುಂದಿನ ಆ 168 ಮೀಟರ್ ಸಾಲು ಎಲ್ಲಿಯವರೆಗೆ ಹೋಗುತ್ತದೆ?